ಗಡಿಬಿಡಿ ಎಂಬ ಹಲ್ಲು ಕಟ್ಟುವವಳು

ಹಲ್ಲಿನ ಲ್ಯಾಬಿನಲ್ಲಿ ಅವಳಿಗೆ ಗಡಿಬಿಡಿ ಎಂಬ ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಮೊದಲ ದಿನವೇ. ಆಗ ಅವಳಿಗೆ ಇಪ್ಪತ್ತು ತುಂಬಿ ಎರಡು ತಿಂಗಳಾಗಿತ್ತು.

ಚಪ್ಪಲಿ ಅಂಗಡಿಯೊಂದರ ಮೇಲಿನ ಎರಡನೆಯ ಮಹಡಿಯಲ್ಲಿ ಆ ಲ್ಯಾಬಿತ್ತು. ಮೂರು ಕಿಟಕಿ, ಗೋಡೆಯಿಂದ ಗೋಡೆಗೆ ಚಾಚಿದ ಒಂದೇ ಮೇಜು, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಧೂಳು. ಊರಿನ ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಅಲ್ಲಿಗೆ ಕಳಿಸುತ್ತಿದ್ದರು. ಅಚ್ಚಿಗೆ ಪ್ಲಾಸ್ಟರ್ ಸುರಿದು, ಅದರ ಮೇಲೆ ಮೇಣದ ವಸಡು ಮಾಡಿ, ಒಂದೊಂದೇ ಹಲ್ಲು ನೆಟ್ಟು, ಕೊನೆಗೆ ಉಜ್ಜಿ ಹೊಳಪು ಕೊಟ್ಟು ಸೆಟ್ಟು ಮಾಡಿ ಕೊಡುವುದು ಅಲ್ಲಿನ ಕೆಲಸ. ಲ್ಯಾಬಿನ ಒಡೆಯರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ; ಎದುರಿಗೆ ಸಿಕ್ಕವರನ್ನೆಲ್ಲ ತಿದ್ದುತ್ತಿದ್ದರು, ಅಷ್ಟೆ. ಹೊಳಪು ಕೊಡುವ ಮಿಷನ್ನಿನ ಮುಂದೆ ಕೂರುತ್ತಿದ್ದ ನಲವತ್ತರ ಹೆಂಗಸು ಪಾಲಿಶ್ ಅಕ್ಕ. ಮೂರನೆಯವಳಾಗಿ ಇವಳು ಬಂದಳು.

ಆ ಮೊದಲ ದಿನ ಒಂದು ಗಂಟೆಗೆ ಮೇಜಿನ ಒಂದು ತುದಿ ಒರೆಸಿ ಮೂವರೂ ಡಬ್ಬಿ ಬಿಚ್ಚಿದರು. ಮೇಷ್ಟ್ರು ಮೊದಲು ತಮ್ಮ ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟರು. ಊರಿಗೆಲ್ಲ ಹಲ್ಲು ಕಟ್ಟಿ ಕೊಟ್ಟ ಆ ಮನುಷ್ಯ ತಾವು ಮಾತ್ರ ಬೊಚ್ಚು ಬಾಯಲ್ಲೇ ಉಣ್ಣುತ್ತಿದ್ದರು.

"ಇವು ಮಾತಾಡೋಕೆ. ತಿನ್ನೋಕೆ ವಸಡು ಸಾಕು," ಎಂದು ಅವರು ಹೇಳಿ ತಲೆ ಎತ್ತುವಷ್ಟರಲ್ಲಿ ಹೊಸ ಹುಡುಗಿಯ ಡಬ್ಬಿ ಖಾಲಿಯಾಗಿತ್ತು. ಮುಚ್ಚಳ ಮುಚ್ಚಿ, ಬಾಯಿ ಒರೆಸಿಕೊಂಡು, ಅವಳು ಎದ್ದು ನಿಂತೂ ಆಗಿತ್ತು.

"ಏನಮ್ಮ ಗಡಿಬಿಡಿ, ಬಸ್ ಏನಾದ್ರೂ ಹೊರಡ್ತಾ ಇದೆಯಾ?"

ಅಕ್ಕ ನಕ್ಕಳು. ಇವಳೂ ನಕ್ಕಳು. "ಕೂತ್ಕೊ," ಎಂದರು ಮೇಷ್ಟ್ರು. "ಇಲ್ಲಿ ಎಲ್ಲರದ್ದೂ ಮುಗಿಯೋ ತನಕ ಯಾರೂ ಏಳೋ ಹಾಗಿಲ್ಲ." ಅವರದ್ದು ಮುಗಿಯಲು ಇನ್ನೂ ಮುಕ್ಕಾಲು ಗಂಟೆ ಹಿಡಿಯಿತು. ಒಂದು ಬ್ರೆಡ್ಡಿನ ತುಂಡನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸುತ್ತಾ, ನಡುವೆ ಯಾವ ಡಾಕ್ಟರು ಯಾವ ಅಚ್ಚು ಕೆಡಿಸಿ ಕಳಿಸಿದ ಎಂಬ ಪುರಾಣ ಹೇಳುತ್ತಾ, ಅವರು ಉಣ್ಣುವುದನ್ನು ನೋಡುತ್ತ ಕೂತವಳಿಗೆ ಕಾಲಲ್ಲಿ ಇರುವೆ ಹರಿದಂತಾಗುತ್ತಿತ್ತು. ಊಟದ ಮುಂದೆ ಅಷ್ಟು ಹೊತ್ತು ಕೂತದ್ದು ಅವಳ ಜನ್ಮದಲ್ಲೇ ಇರಲಿಲ್ಲ.

ಅವಳು ಬೆಳೆದ ಮನೆಯಲ್ಲಿ ಸಂಜೆಯ ಊಟ ಒಂದು ಆಟವಾಗಿತ್ತು. ಆಟ ಕಲಿಸಿದವಳು ಅಮ್ಮ. ತಟ್ಟೆಯೇ ಸ್ಟೇಷನ್, ತುತ್ತುಗಳೇ ಪ್ರಯಾಣಿಕರು. ರೈಲು ಬರುವುದರೊಳಗೆ ಎಲ್ಲರನ್ನೂ ಸಾಗಿಸಿಬಿಡಬೇಕು. "ಸಿಗ್ನಲ್ ಬಿತ್ತು ನೋಡು ಪುಟ್ಟಿ, ಬೇಗ ಬೇಗ," ಎಂದು ಅಮ್ಮ ಕಿಟಕಿಯ ಹತ್ತಿರ ನಿಂತು ಹೇಳುತ್ತಿದ್ದಳು. ಮಗು ನಗುತ್ತಾ ಎರಡೂ ಕೆನ್ನೆ ತುಂಬಿಕೊಂಡು ಗಬಗಬನೆ ನುಂಗುತ್ತಿತ್ತು. ತಟ್ಟೆ ತೊಳೆದು ಮೇಲಿಟ್ಟು, ಮಗುವನ್ನು ಒಳಗಿನ ಕೋಣೆಯಲ್ಲಿ ಪುಸ್ತಕದ ಮುಂದೆ ಕೂರಿಸಿದ ಮೇಲೆ ಮೆಟ್ಟಿಲ ಮೇಲೆ ಅಪ್ಪನ ಹೆಜ್ಜೆ ಕೇಳುತ್ತಿತ್ತು.

ಅಪ್ಪ ಬಸ್ ಡಿಪೋದಲ್ಲಿ ಟೈಮ್ ಕೀಪರ್. ಕುಡಿತವಿಲ್ಲ, ಇಸ್ಪೀಟಿಲ್ಲ. ಹೊರಗಿನವರ ಬಾಯಲ್ಲಿ ಬಲು ಮರ್ಯಾದಸ್ಥ. ಅವರ ಕೋಪವೆಲ್ಲ ಊಟದ ಮೇಜಿಗೆ ಮೀಸಲು. ಉಪ್ಪು ಒಂದು ಕಣ ಹೆಚ್ಚಾದರೆ, ಲೋಟ ಎಡಗಡೆ ಇರುವ ಬದಲು ಬಲಗಡೆ ಇದ್ದರೆ, ಯಾರಾದರೂ ಅಗಿಯುವ ಸದ್ದು ಕಿವಿಗೆ ಬಿದ್ದರೆ ಸಾಕು. ತಟ್ಟೆ ಎತ್ತಿ ಗೋಡೆಗೆ ಬೀಸುತ್ತಿದ್ದರು. ಒಮ್ಮೆ ಮಗಳು ಜ್ವರದಲ್ಲಿ ನಿಧಾನವಾಗಿ ಉಣ್ಣುತ್ತಿದ್ದಾಗ ಅವರು ಬೇಗ ಬಂದುಬಿಟ್ಟರು. ಅಂದು ಅಡ್ಡ ಬಂದ ಅಮ್ಮನ ಎಡಗೈ ಮುರಿಯಿತು. ಪಕ್ಕದ ಮನೆಯಾಕೆಗೆ ಅಮ್ಮ, "ಬಚ್ಚಲಲ್ಲಿ ಜಾರಿಬಿಟ್ಟೆ ಕಣ್ರೀ," ಎಂದಳು. ಏಳು ವರ್ಷದ ಮಗಳು ಪಕ್ಕದಲ್ಲಿ ನಿಂತು ಹೌದು ಎಂದು ತಲೆಯಾಡಿಸಿದಳು.

ಕೈ ಕೂಡಿತು, ಆದರೆ ಅಮ್ಮ ಆಮೇಲೆ ಬಹಳ ದಿನ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಶಾಲೆಯಿಂದ ಬಂದ ಮಗಳು ಕುರ್ಚಿ ಹತ್ತಿ ಬ್ರೆಡ್ಡಿನ ಡಬ್ಬ ಇಳಿಸಿಕೊಂಡು ನಿಂತೇ ತಿನ್ನುತ್ತಿದ್ದಳು. ಮನೆಯಲ್ಲಿ ಸದ್ದಿಲ್ಲ, ಬೈಗುಳವಿಲ್ಲ, ಬ್ರೆಡ್ಡು ಮೆತ್ತಗಿದೆ. ಮಧ್ಯಾಹ್ನ ನಾಲ್ಕರಿಂದ ಏಳರ ತನಕದ ಆ ಮೂರು ಗಂಟೆ ಅವಳ ಪಾಲಿಗೆ ದಿನದ ಅತ್ಯಂತ ಸುಖದ ಹೊತ್ತಾಗಿತ್ತು. ಎಷ್ಟೋ ವರ್ಷಗಳ ಮೇಲೂ ಬಾಲ್ಯ ಎಂದೊಡನೆ ಅವಳ ಕಣ್ಣಿಗೆ ಮೊದಲು ಬರುತ್ತಿದ್ದುದು ಕುರ್ಚಿಯ ಮೇಲೆ ನಿಂತ ತನ್ನ ಪುಟ್ಟ ಕಾಲುಗಳು ಮತ್ತು ಕಿಟಕಿಯಿಂದ ಬಿದ್ದ ಹಳದಿ ಬಿಸಿಲು.

ಓದು ಮುಗಿಸಿ, ಕೆಲಸ ಹಿಡಿದು, ಬೇರೆ ಊರಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಾಗ ಅವಳಿಗೆ ರೆಕ್ಕೆ ಬಂದಂತಾಗಿತ್ತು. ಒಂದು ಮಂಚ, ಒಂದು ಸ್ಟೌವ್, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಹೆದರಲು ಯಾರೂ ಇರಲಿಲ್ಲ. ಆಗಲೇ ಶನಿವಾರಗಳು ಶುರುವಾದವು.

ಶನಿವಾರ ಲ್ಯಾಬು ಎರಡು ಗಂಟೆಗೆ ಮುಚ್ಚುತ್ತಿತ್ತು. ದಾರಿಯ ಎರಡು ಬೇಕರಿಗಳಲ್ಲಿ ಅರ್ಧರ್ಧ ಕೊಳ್ಳುತ್ತಿದ್ದಳು. ಒಂದೇ ಕಡೆ ಕೊಂಡರೆ ಅಂಗಡಿಯವನು ಏನೆಂದುಕೊಂಡಾನು ಎಂಬ ಅಳುಕು. "ಮನೆಗೆ ನೆಂಟರು ಬಂದಿದ್ದಾರೆ," ಎಂದು ಕೇಳದಿದ್ದರೂ ಹೇಳುತ್ತಿದ್ದಳು. ಕೋಣೆಗೆ ಬಂದು ಚಿಲಕ ಹಾಕಿ, ಚಪ್ಪಲಿಯನ್ನೂ ಬಿಡದೆ ಶುರು ಮಾಡುತ್ತಿದ್ದಳು. ಎರಡು ಪೌಂಡು ಬ್ರೆಡ್ಡು, ಬನ್ನು, ಬಿಸ್ಕತ್ತಿನ ಪೊಟ್ಟಣಗಳು, ಬೇಯಿಸಿಟ್ಟ ಆಲೂಗಡ್ಡೆ ಇದ್ದರೆ ಅದೂ. ಹಸಿವು ಬೇಕಿರಲಿಲ್ಲ, ರುಚಿಯೂ ಬೇಕಿರಲಿಲ್ಲ. ಕೈ ತನ್ನದಲ್ಲವೇನೋ ಎಂಬಂತೆ ಬಾಯಿಗೆ ಹೋಗಿ ಬರುತ್ತಿತ್ತು. ಅಷ್ಟು ಹೊತ್ತು ತಲೆಯಲ್ಲಿ ಒಂದು ಬಗೆಯ ಮೌನ. ಮುಗಿದ ಮೇಲೆ ಹೊಟ್ಟೆ ಬಿರಿಯುವಂತೆ ನೋವು, ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಖಾಲಿ ಪೊಟ್ಟಣಗಳನ್ನು ಸಣ್ಣಗೆ ಮಡಿಚಿ ಬೀದಿಯಾಚೆಯ ತೊಟ್ಟಿಗೆ ಹಾಕಿ ಬರುತ್ತಿದ್ದಳು. ಭಾನುವಾರ ಬರೀ ನೀರು; ಸೋಮವಾರವೂ, ಲ್ಯಾಬಿನಲ್ಲಿ ವ್ರತವೆಂದು ಹೇಳಿ, ಬರೀ ನೀರು. ಮಂಗಳವಾರ ಮೇಜಿನ ತುದಿಯಲ್ಲಿ ಅದೇ ಗಡಿಬಿಡಿ.

ಆರಂಭದಲ್ಲಿ ತಿಂಗಳಿಗೊಮ್ಮೆ. ಆಮೇಲೆ ಪ್ರತಿ ವಾರ. ಮೂರನೆಯ ವರ್ಷಕ್ಕೆ ಬುಧವಾರಗಳೂ ಸೇರಿಕೊಂಡವು. ಕನ್ನಡಿಯನ್ನು ಗೋಡೆಗೆ ಮುಖ ಮಾಡಿಟ್ಟಳು. ಲ್ಯಾಬಿನಲ್ಲಿ ಯಾರಿಗೂ ಇದರ ಸುಳಿವಿರಲಿಲ್ಲ. ಅವಳ ಕೆಲಸ ಚೆನ್ನಾಗಿತ್ತು. ಮೇಣದಲ್ಲಿ ಹಲ್ಲು ನೆಡುವಾಗ ಅವಳ ಕೈ ನಡುಗುತ್ತಿರಲಿಲ್ಲ. ಮೇಷ್ಟ್ರು ಅವಳು ನೆಟ್ಟ ಸಾಲನ್ನು ಬೆಳಕಿಗೆ ಹಿಡಿದು, ಒಂದು ಹಲ್ಲನ್ನು ಕೂದಲೆಳೆಯಷ್ಟು ವಾರೆ ಮಾಡಿ ಹಿಂದಿರುಗಿಸುತ್ತಿದ್ದರು. "ಎಲ್ಲ ನೆಟ್ಟಗಿದ್ರೆ ನೋಡಿದವರಿಗೆ ಗೊತ್ತಾಗಿಬಿಡುತ್ತೆ, ಇದು ಸುಳ್ಳು ಅಂತ." ಅದು ಅವರ ಮೆಚ್ಚುಗೆಯ ರೀತಿ.

ಅಕ್ಕನ ಮಗಳ ಹುಟ್ಟುಹಬ್ಬ ಬಂದದ್ದು ಒಂದು ಬುಧವಾರ. ಹುಡುಗಿಗೆ ಒಂಬತ್ತು ತುಂಬುತ್ತಿತ್ತು. ಅಕ್ಕ ಬೆಳಿಗ್ಗೆಯೇ ಕೇಕು ತಂದು ಲ್ಯಾಬಿನ ಕಪಾಟಿನ ಮೇಲಿಟ್ಟಳು. ಸಂಜೆ ಶಾಲೆಯ ಗೆಳತಿಯರು ಮನೆಗೆ ಬರುವವರಿದ್ದರು. ಮಧ್ಯಾಹ್ನ ಮೇಷ್ಟ್ರು ಒಬ್ಬ ಡಾಕ್ಟರ ಜೊತೆ ಜಗಳಕ್ಕೆ ಹೋದರು, ಅಕ್ಕ ಸೆಟ್ಟುಗಳನ್ನು ತಲುಪಿಸಲು ಹೋದಳು. ಲ್ಯಾಬಿನಲ್ಲಿ ಒಬ್ಬಳೇ ಉಳಿದವಳಿಗೆ ಅಂದು ಬೆಳಿಗ್ಗೆ ಅಮ್ಮನ ಕಾಗದ ಬಂದಿತ್ತು: ಅಪ್ಪ ಇನ್ನೆರಡು ತಿಂಗಳಲ್ಲಿ ನಿವೃತ್ತರಾಗುತ್ತಾರಂತೆ, ಇನ್ನು ಇಡೀ ದಿನ ಮನೆಯಲ್ಲೇ ಇರುತ್ತಾರಂತೆ. ಅಷ್ಟೇ ಇದ್ದದ್ದು. ಕಾಗದವನ್ನು ಮೂರು ಸಲ ಓದಿ ಅವಳು ಜೇಬಿಗಿಟ್ಟುಕೊಂಡಿದ್ದಳು.

ಅಕ್ಕ ತಿರುಗಿ ಬಂದಾಗ ಲ್ಯಾಬು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ಕಪಾಟಿನ ಪಕ್ಕ ನೆಲದ ಮೇಲೆ ರಟ್ಟಿನ ಪೆಟ್ಟಿಗೆ ಬಿದ್ದಿತ್ತು. ಅದರಲ್ಲಿ ಉಳಿದಿದ್ದು ಮಗಳ ಹೆಸರಿನ ಕೊನೆಯ ಅಕ್ಷರ ಮಾತ್ರ.

ಮೂರು ದಿನ ಅವಳು ಕೆಲಸಕ್ಕೆ ಬರಲಿಲ್ಲ. ನಾಲ್ಕನೆಯ ದಿನ, ಭಾನುವಾರ ಬೆಳಿಗ್ಗೆ, ಅವಳ ಕೋಣೆಯ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕ ಹೊಸಿಲ ಮೇಲೆ ಬ್ಯಾಗು ಹಿಡಿದು ನಿಂತಿದ್ದಳು. ಅವಳ ಮೂಗಿನ ಹೊಳ್ಳೆ ಅರಳಿದ್ದು ಕಂಡು ಇವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ಮಗಳು ಅತ್ತು ಅತ್ತು ಮಲಗಿದಳು, ಗೊತ್ತಾ ನಿನಗೆ?"

"ಗೊತ್ತು ಅಕ್ಕ."

"ಏನು ಗೊತ್ತು? ಕೇಳಿದ್ದರೆ ಒಂದು ತುಂಡು ಕೊಡ್ತಿರಲಿಲ್ವಾ ನಾನು? ಅಷ್ಟೊಂದು ಹಸಿವಾಗಿತ್ತಾ?"

"ಇಲ್ಲ."

"ಮತ್ತೆ?"

"ಹಸಿವೇ ಇರಲಿಲ್ಲ ಅಕ್ಕ."

ಬೈಯಲು ಬಂದವಳು ಹೊಸಿಲಲ್ಲೇ ಚಪ್ಪಲಿ ಕಳಚಿದಳು. ಅಕ್ಕ ಒಳಗೆ ಬಂದು ಮಂಚದ ಮೇಲೆ ಕೂತಳು. ಗೋಡೆಗೆ ತಿರುಗಿಸಿದ ಕನ್ನಡಿ ನೋಡಿದಳು. ಹೊರಗೆ ಹಾಕದೆ ಮಂಚದ ಕೆಳಗೆ ತುರುಕಿದ್ದ ಮೂರು ದಿನದ ಪೊಟ್ಟಣಗಳನ್ನು ನೋಡಿದಳು. "ಎಷ್ಟು ವರ್ಷದಿಂದ?" ಎಂದಳು.

"ಮೂರು. ಇನ್ನೂ ಮೊದಲಿನಿಂದಲೂ ಇರಬಹುದು."

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಅದು ಬೇರೆ ಮಾತು," ಎಂದಳು ಅಕ್ಕ. "ನಾಳೆ ಬೆಳಿಗ್ಗೆ ರೆಡಿಯಾಗಿರು. ದೊಡ್ಡಾಸ್ಪತ್ರೆಗೆ ಸೆಟ್ಟು ಕೊಡೋಕೆ ಹೋಗ್ತೀನಲ್ಲ, ಅಲ್ಲಿ ಮೂರನೇ ಮಹಡಿಯಲ್ಲಿ ಮನಸ್ಸಿನ ಡಾಕ್ಟರು ಕೂರ್ತಾರೆ."

"ನನಗೇನು ಹುಚ್ಚು ಹಿಡಿದಿದೆಯಾ?"

"ಹುಚ್ಚು ಅಂತ ಯಾರಂದ್ರು? ಹಲ್ಲು ನೋವು ಬಂದ್ರೆ ಹಲ್ಲಿನ ಡಾಕ್ಟರ ಹತ್ರ ಹೋಗಲ್ವಾ? ನಮ್ಮ ಹೊಟ್ಟೆ ತುಂಬ್ತಿರೋದೇ ಅದರಿಂದ." ಹೇಳಿದ ಮೇಲೆ ಹೊಟ್ಟೆಯ ಮಾತು ತೆಗೆದದ್ದಕ್ಕೆ ಅಕ್ಕ ನಾಲಿಗೆ ಕಚ್ಚಿಕೊಂಡಳು. ಇಬ್ಬರಿಗೂ ಒಟ್ಟಿಗೆ ನಗು ಬಂತು. ನಗುತ್ತಾ ನಗುತ್ತಾ ಇವಳು ಅಳಲು ಶುರು ಮಾಡಿದಳು.

ಡಾಕ್ಟರಮ್ಮನಿಗೆ ಅಂದು ವಿಪರೀತ ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಎಲ್ಲ ಕೇಳಿಸಿಕೊಂಡರು. ತೂಕದ ಮಾತೇ ಎತ್ತಲಿಲ್ಲ. ಇದು ಚಪಲವಲ್ಲ, ಸೋಮಾರಿತನವಲ್ಲ, ಕಾಯಿಲೆ. ಇದಕ್ಕೆ ಹೆಸರಿದೆ, ಇದೇ ಕುರ್ಚಿಯಲ್ಲಿ ಅವಳ ವಯಸ್ಸಿನ ಹುಡುಗ ಹುಡುಗಿಯರು ಎಷ್ಟೋ ಮಂದಿ ಕೂತು ಹೋಗಿದ್ದಾರೆ ಎಂದರು. "ಮೊದಲು ಆ ಉಪವಾಸ ಬಿಡಿ. ಹೊಟ್ಟೆ ಖಾಲಿ ಇಟ್ಟಷ್ಟೂ ಅದು ಇನ್ನೂ ಜೋರಾಗುತ್ತೆ. ಹೊತ್ತು ಹೊತ್ತಿಗೆ ತಿನ್ನಿ. ಸಾಧ್ಯವಾದಷ್ಟು ಯಾರ ಜೊತೆಯಾದರೂ ತಿನ್ನಿ."

ಮೂರನೆಯ ಭೇಟಿಯಲ್ಲಿ, ಚಿಕ್ಕಂದಿನ ಊಟದ ಒಂದು ಒಳ್ಳೆಯ ನೆನಪು ಹೇಳಿ ಎಂದರು. ಅವಳು ಹುರುಪಿನಿಂದ ರೈಲಿನ ಆಟ ಹೇಳಿದಳು. ಸ್ಟೇಷನ್, ಪ್ರಯಾಣಿಕರು, ಸಿಗ್ನಲ್ಲು, ಕಿಟಕಿಯ ಬಳಿ ನಿಂತ ಅಮ್ಮ.

"ಕಿಟಕಿಯಲ್ಲಿ ಅಮ್ಮ ಏನು ನೋಡ್ತಾ ಇದ್ದರು?"

"ರೈ..." ಎಂದವಳು ಅಲ್ಲೇ ತಡೆದಳು. ಬೀದಿ ಕಣ್ಣ ಮುಂದೆ ಬಂತು. ಡಿಪೋ ಕಡೆಯಿಂದ ತಿರುಗುವ ಮೂಲೆ, ಆ ಮೂಲೆಯಲ್ಲಿ ಕಾಣಿಸಿಕೊಳ್ಳುವ ಖಾಕಿ ಅಂಗಿ. ಅಮ್ಮನ ಮುಖ ನಗುತ್ತಿತ್ತು, ಆದರೆ ಕಿಟಕಿಯ ಸರಳು ಹಿಡಿದ ಕೈ ಬೆಳ್ಳಗಾಗಿರುತ್ತಿತ್ತು. ಇಪ್ಪತ್ತು ವರ್ಷ ಅದನ್ನು ಆಟವೆಂದೇ ಎದೆಯಲ್ಲಿಟ್ಟುಕೊಂಡಿದ್ದಳು. ಅಂದು ಆ ಕುರ್ಚಿಯಲ್ಲಿ ಅವಳು ಅತ್ತದ್ದು ತನಗಾಗಿಯಲ್ಲ. ಮೂವತ್ತು ವರ್ಷದ ಅಮ್ಮನಿಗಾಗಿ, ಭಯವನ್ನು ಮಗುವಿನ ಕೈಗೆ ಆಟಿಕೆ ಮಾಡಿ ಕೊಟ್ಟ ಆ ಹೆಂಗಸಿಗಾಗಿ. ಡಾಕ್ಟರಮ್ಮ ತಮ್ಮ ಕರವಸ್ತ್ರ ನೋಡಿಕೊಂಡು, ಅದು ಕೊಡುವ ಸ್ಥಿತಿಯಲ್ಲಿಲ್ಲವೆಂದು, ಮೇಜಿನ ಮೇಲಿದ್ದ ಹತ್ತಿಯ ಉಂಡೆಯನ್ನೇ ಮುಂದಕ್ಕೆ ತಳ್ಳಿದರು.

ವಾಸಿಯಾಗಲು ಸಮಯ ಹಿಡಿಯಿತು. ಎರಡು ವರ್ಷ ಪ್ರತಿ ಸೋಮವಾರ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಶನಿವಾರ ಮಧ್ಯಾಹ್ನ ಅಕ್ಕ ಅವಳನ್ನು ಒಂಟಿಯಾಗಿ ಬಿಡಲಿಲ್ಲ; ಮಗಳಿಗೆ ಲೆಕ್ಕ ಹೇಳಿಕೊಡುವ ನೆಪದಲ್ಲಿ ಮನೆಗೆ ಎಳೆದುಕೊಂಡು ಹೋಗುತ್ತಿದ್ದಳು. ಕೇಕಿನ ಹುಡುಗಿ ಆರು ತಿಂಗಳು ಇವಳ ಜೊತೆ ಮಾತು ಬಿಟ್ಟಿದ್ದು, ಭಿನ್ನರಾಶಿ ತಲೆಗೆ ಹತ್ತದೆ ಹೋದಾಗ ಗತಿಯಿಲ್ಲದೆ ರಾಜಿಯಾದಳು. ಮೇಷ್ಟ್ರಿಗೆ ಯಾರೂ ಏನೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ಆದರೆ ಊಟದ ಹೊತ್ತಿನ ಪುರಾಣಗಳನ್ನು ಅವರು ಮತ್ತಷ್ಟು ಉದ್ದ ಮಾಡಿದರು. ಅವಳು ತುತ್ತು ಎತ್ತುವ ಸಮಯಕ್ಕೆ ಸರಿಯಾಗಿ ಏನಾದರೂ ಪ್ರಶ್ನೆ ಹಾಕುತ್ತಿದ್ದರು. ಉತ್ತರ ಹೇಳಲು ಕೈ ಇಳಿಸಲೇಬೇಕಾಗುತ್ತಿತ್ತು. ಅದು ಬೇಕೆಂದೇ ಮಾಡಿದ್ದೋ ಅಥವಾ ಅವರ ಸ್ವಭಾವವೇ ಹಾಗೋ, ಅವಳಿಗೆ ಇಂದಿಗೂ ಗೊತ್ತಿಲ್ಲ.

ಅವಳಿಗೆ ಇಪ್ಪತ್ತೇಳಾದಾಗ ಅಮ್ಮ ಫೋನ್ ಮಾಡಿದಳು. ಅಪ್ಪನಿಗೆ ವಸಡಿನ ಕಾಯಿಲೆ, ಹಲ್ಲೆಲ್ಲ ಕಿತ್ತಿದ್ದಾರೆ, ಸೆಟ್ಟು ನೀನೇ ಮಾಡಿಕೊಡುತ್ತೀಯಾ ಎಂದು ಕೇಳಿದಳು. ಅವಳು ಒಂದು ವಾರ ಉತ್ತರ ಕೊಡಲಿಲ್ಲ. ಆಮೇಲೆ ಅಚ್ಚು ಕಳಿಸಿ ಎಂದಳು.

ಅಚ್ಚು ಕೈಗೆ ಬಂದಾಗ ಅದು ಎಷ್ಟು ಚಿಕ್ಕದಾಗಿತ್ತೆಂದರೆ ಅವಳು ಚೀಟಿಯ ಮೇಲಿನ ಹೆಸರನ್ನು ಎರಡು ಸಲ ನೋಡಿದಳು. ಇಡೀ ಮನೆಯನ್ನು ನಡುಗಿಸಿದ ಬಾಯಿ ಅಂಗೈಯಲ್ಲಿ ಕೂರುತ್ತಿತ್ತು. "ನಾನು ಮಾಡ್ತೀನಿ ಬಿಡು," ಎಂದರು ಮೇಷ್ಟ್ರು. ಬೇಡ ಎಂದು ಅವಳೇ ಮಾಡಿದಳು. ಆರು ದಿನ ಹಿಡಿಯಿತು. ಉಳಿದ ಯಾರ ಸೆಟ್ಟಿಗಾದರೂ ಎಷ್ಟು ಗಮನ ಕೊಡುತ್ತಿದ್ದಳೋ ಅಷ್ಟೇ ಕೊಟ್ಟಳು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಸೆಟ್ಟು ಹೊಂದಿಸಲು ತಾನೇ ಊರಿಗೆ ಹೋದಳು. ಅಪ್ಪ ಅದೇ ಮೇಜಿನ ಮುಂದೆ ಕೂತು ಬಾಯಿ ತೆರೆದರು. ಕೆನ್ನೆ ಒಳಗೆ ಹೋಗಿ ಮುಖ ಯಾರದೋ ಆಗಿತ್ತು.

"ಕಚ್ಚಿ ನೋಡಿ."

ಕಚ್ಚಿದರು. "ಎಡಗಡೆ ಒತ್ತುತ್ತೆ."

ತೆಗೆದು, ಅರದಿಂದ ಉಜ್ಜಿ, ಮತ್ತೆ ಇಟ್ಟಳು. ಅಮ್ಮ ಮೆತ್ತನೆಯ ಬ್ರೆಡ್ಡು ತಂದಿಟ್ಟಳು. ಅವರು ತಡವರಿಸುತ್ತಾ ಅಗಿಯಲು ಕಲಿತರು. ಹೊಸ ಹಲ್ಲು ಕಟಕಟ ಸದ್ದು ಮಾಡುತ್ತಿತ್ತು. ಕೋಣೆಯಲ್ಲಿ ಆ ಸದ್ದೊಂದೇ. ಅವರಿಗೂ ಅದು ಕೇಳಿಸಿತು. ಅಗಿಯುವುದನ್ನು ನಿಲ್ಲಿಸಿ ಮಗಳ ಮುಖ ನೋಡಿದರು.

"ಸದ್ದು ಬರುತ್ತಲ್ಲ," ಎಂದರು, ತಪ್ಪು ಮಾಡಿದವರ ದನಿಯಲ್ಲಿ.

"ಬಂದ್ರೆ ಬರಲಿ. ನಿಧಾನಕ್ಕೆ ತಿನ್ನಿ. ಇಲ್ಲಿ ಯಾರೂ ತಟ್ಟೆ ಎಸೆಯಲ್ಲ."

ಬಾಯಿಂದ ಬಿದ್ದ ಮಾತಿಗೆ ಅವಳೇ ಬೆಚ್ಚಿದಳು. ಅಮ್ಮ ಸೆರಗಿನಂಚು ಹಿಡಿದುಕೊಂಡಳು. ಅಪ್ಪ ಕ್ಷಮೆ ಕೇಳಲಿಲ್ಲ. ತಲೆ ತಗ್ಗಿಸಿ ಉಳಿದ ಬ್ರೆಡ್ಡು ತಿಂದರು. ಅವಳು ಎದುರಿಗೆ ಕೂತು, ತನ್ನ ತಟ್ಟೆಗೂ ಒಂದು ತುಂಡು ಹಾಕಿಕೊಂಡು, ಅವರಿಗಿಂತ ನಿಧಾನವಾಗಿ ತಿಂದಳು. ಬಸ್ಸಿನಲ್ಲಿ ತಿರುಗಿ ಬರುವಾಗ ಅವಳಿಗೆ ಗೆದ್ದೆ ಎಂದೂ ಅನ್ನಿಸಲಿಲ್ಲ, ಕ್ಷಮಿಸಿದೆ ಎಂದೂ ಅನ್ನಿಸಲಿಲ್ಲ. ಹೇಳಬೇಕಾದದ್ದು ಹೇಳಿಯಾಯಿತು ಎನ್ನಿಸಿತು, ಮತ್ತು ಬಹಳ ನಿದ್ದೆ ಬಂತು.

ಈಗ ಅವಳಿಗೆ ಐವತ್ತು ದಾಟಿದೆ, ತನ್ನದೇ ಲ್ಯಾಬಿದೆ. ಕಷ್ಟದ ವಾರಗಳಲ್ಲಿ ಆ ಹಳೆಯ ಸೆಳೆತ ಇಂದಿಗೂ ಬರುವುದುಂಟು. ಬಂದಾಗ ಅಕ್ಕನಿಗೆ ಫೋನ್ ಮಾಡುತ್ತಾಳೆ. ಒಮ್ಮೊಮ್ಮೆ ಮಾಡುವಷ್ಟರಲ್ಲಿ ತಡವಾಗಿರುತ್ತದೆ. ಆಗಲೂ ಮಾಡುತ್ತಾಳೆ, ಮರುದಿನ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನುತ್ತಾಳೆ. ಅಪ್ಪ ಹೋಗಿ ಹತ್ತು ವರ್ಷವಾಯಿತು, ಮೇಷ್ಟ್ರು ಹೋಗಿ ಹದಿನೈದು. ಚಪ್ಪಲಿ ಅಂಗಡಿಯ ಮೇಲೆ ಈಗ ಯಾರೋ ಫೋನ್ ರಿಪೇರಿ ಮಾಡುತ್ತಾರೆ. ಆ ದಾರಿಯಲ್ಲಿ ಹೋದಾಗ ಕತ್ತೆತ್ತಿ ಮೂರು ಕಿಟಕಿಗಳನ್ನು ನೋಡದೆ ಅವಳು ಮುಂದೆ ಹೋಗುವುದಿಲ್ಲ.

ಹಳೆಯ ಲ್ಯಾಬಿನ ಮಾತು ಬಂದರೆ ಅವಳು ಹೇಳುವುದು ಅದರ ಕೊನೆಯ ದಿನದ ಕಥೆ. ಮೇಷ್ಟ್ರಿಗೆ ಕಣ್ಣು ಮಂಜಾಗಿ ಲ್ಯಾಬು ಮುಚ್ಚಿದ ಸಂಜೆ, ಸೆಟ್ಟಿಗೆ ನೆಡುವ ಬಿಡಿ ಹಲ್ಲುಗಳಿದ್ದ ಮರದ ಡ್ರಾಯರನ್ನು ಅವಳ ಕೈಗಿಟ್ಟು, "ಇನ್ನು ಇವು ನಿನ್ನವು," ಎಂದರು. ಅವಳು ಅದನ್ನು ಎದೆಗವಚಿಕೊಂಡು ತುಂಬಿದ ಬಸ್ಸು ಹತ್ತಿದಳು. ತಿರುವಿನಲ್ಲಿ ಡ್ರೈವರು ಬ್ರೇಕು ಹಾಕಿದ್ದೇ ತಡ, ಇನ್ನೂರು ಮುನ್ನೂರು ಹಲ್ಲು ಬಸ್ಸಿನ ನೆಲದ ತುಂಬ ಹರಡಿದವು. ಮೊದಲು ಎಲ್ಲರೂ ಕಾಲೆತ್ತಿ ಕೂತರು. ಆಮೇಲೆ ಒಬ್ಬ ಅಜ್ಜಿ ಬಗ್ಗಿ ಒಂದನ್ನು ಆರಿಸಿ, "ಇದು ಮೇಲಿಂದಾ, ಕೆಳಗಿಂದಾ ಮಗಳೇ?" ಎಂದು ಕೇಳಿದರು. ಅಷ್ಟು ಸಾಕಾಯಿತು. ಕೋಟು ಹಾಕಿದವರು, ತರಕಾರಿ ಚೀಲದವರು, ಕಂಡಕ್ಟರು, ಎಲ್ಲರೂ ಮಂಡಿಯೂರಿ ಸೀಟಿನ ಕೆಳಗೆ ಕೈ ಹಾಕಿದರು. ಯಾರೋ, "ನನಗೆ ಬಾಚಿ ಹಲ್ಲು ಸಿಕ್ತು," ಎಂದರು. ಇನ್ಯಾರೋ, "ಇಟ್ಕೊಳ್ಳಿ, ನಿಮಗೇ ಬೇಕಾಗುತ್ತೆ," ಎಂದರು. ಬೊಗಸೆ ಬೊಗಸೆಯಾಗಿ ತಂದು ಡ್ರಾಯರಿಗೆ ಸುರಿದರು. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಇಳಿಯಬೇಕಾದ ಸ್ಟಾಪು ದಾಟಿ ಬಸ್ಸು ಮೂರು ಸ್ಟಾಪು ಮುಂದೆ ಹೋಗಿತ್ತು. ಅಲ್ಲಿಂದ ಮನೆಗೆ ನಡೆದೇ ಬಂದಳು. ಬಂದವಳು ಡ್ರಾಯರನ್ನು ಮಂಚದ ಮೇಲೆ ಸುರಿದು, ಮುಂದಿನ ಹಲ್ಲು, ಕೋರೆ, ದವಡೆ ಎಂದು ಬೇರೆ ಬೇರೆ ಜೋಡಿಸುತ್ತಾ ಕತ್ತಲಾಗುವ ತನಕ ಕೂತಳು.